ಬಣ್ಣ ಕಳಚುವ ತಿಂಗಳು

ಮೈಸೂರಿನಲ್ಲಿ ಶರತ್ಕಾಲವನ್ನು ಮರದ ಎಲೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಎಲೆ ಉದುರುವುದು ಇಲ್ಲಿ ಮಾಘ, ಫಾಲ್ಗುಣದ ಮಾತು. ಆಶ್ವೀಜದಲ್ಲಿ ಹೊಂಗೆಯೂ ಬಸರಿಯೂ ಮಳೆ ಕುಡಿದು ಕೊಬ್ಬಿ, ಕಪ್ಪಿಗೆ ತಿರುಗಿದ ಹಸಿರಿನಲ್ಲಿ ನಿಂತಿರುತ್ತವೆ. ಋತು ಮಗ್ಗುಲು ಬದಲಿಸಿದ್ದು ಮೊದಲು ಗೊತ್ತಾಗುವುದು ಕಿವಿಗೆ. ಕುಕ್ಕರಹಳ್ಳಿ ಕೆರೆಯ ದಾರಿ ಪಕ್ಕದ ಲಂಟಾನ ಪೊದೆಯೊಳಗಿಂದ ಒಂದು ಬೆಳಗ್ಗೆ ‘ಚಕ್’ ಎಂದು ಸದ್ದು ಬರುತ್ತದೆ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟರೆ ಹೊರಡುವಂಥ ಸಣ್ಣ, ಒಣ ಸದ್ದು. ಸ್ವಲ್ಪ ತಡೆದು ಇನ್ನೊಂದು ‘ಚಕ್’. ಹಿಂದಿನ ವಾರ ಅದೇ ಪೊದೆ ಬಾಯಿ ಬಿಟ್ಟಿರಲಿಲ್ಲ.

ಒಳಗೆ ಕೂತಿರುವುದು ಬ್ಲೈತನ ಜೊಂಡು ಉಲಿಯಕ್ಕಿ. ಹತ್ತೊಂಬತ್ತನೇ ಶತಮಾನದಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1849ರಲ್ಲಿ ಇದನ್ನು ಶಾಸ್ತ್ರದ ಲೆಕ್ಕಕ್ಕೆ ಸೇರಿಸಿದ. ತೂಕ 12 ಗ್ರಾಂ ಆಸುಪಾಸು. ಫಿನ್ಲೆಂಡ್, ಬಾಲ್ಟಿಕ್ ಸೀಮೆಯಿಂದ ಹಿಡಿದು ಸೈಬೀರಿಯಾದವರೆಗೆ ಎಲ್ಲೆಲ್ಲೋ ಮರಿ ಮಾಡಿ, ಬೇಸಗೆ ಮುಗಿಯುತ್ತಲೇ ಹೊರಡುತ್ತದೆ. ಯುರೋಪಿನ ಉಲಿಯಕ್ಕಿಗಳು ಬಹುಪಾಲು ಆಫ್ರಿಕಾದ ದಾರಿ ಹಿಡಿದರೆ ಇದು ಮಾತ್ರ ಅಡ್ಡ ತಿರುಗಿ ನಮ್ಮ ಕಡೆ ಬರುತ್ತದೆ. ಈ ಜಾತಿಯ ಹೆಚ್ಚುಕಮ್ಮಿ ಎಲ್ಲ ಹಕ್ಕಿಗಳ ಚಳಿಗಾಲದ ಮನೆ ಭಾರತ ಉಪಖಂಡವೇ. ಮರಿ ಮಾಡುವ ಊರಲ್ಲಿ ಇದು ದೊಡ್ಡ ಹಾಡುಗಾರ. ರಾತ್ರಿಯೆಲ್ಲ ಎಚ್ಚರವಿದ್ದು, ಅಕ್ಕಪಕ್ಕದ ಹತ್ತಾರು ಹಕ್ಕಿಗಳ ದನಿಯನ್ನು ಕದ್ದು ತನ್ನ ಹಾಡಿನಲ್ಲಿ ಹೆಣೆಯುತ್ತದಂತೆ. ನಮಗೆ ಅದೊಂದೂ ಇಲ್ಲ. ಹೊರಡುವ ಮುಂಚೆ, ಬೇಸಗೆಯ ಬಾಗಿಲಲ್ಲಿ ಒಂದಿಷ್ಟು ಗುನುಗುತ್ತದೆ, ಅಷ್ಟೇ. ಉಳಿದಂತೆ ಅಕ್ಟೋಬರಿನಿಂದ ಆರು ತಿಂಗಳು ನಮ್ಮ ಪಾಲಿಗೆ ಬಂದದ್ದು ಈ ಒಂದೇ ಅಕ್ಷರ.

ನನಗೆ ಅದು ಸಾಕು. ಹಕ್ಕಿ ನೋಡುವವರಲ್ಲಿ ಕಾಣಲೇಬೇಕು, ಫೋಟೋ ಬರಲೇಬೇಕು ಎನ್ನುವವರ ಸಂಖ್ಯೆ ಈಗ ಜಾಸ್ತಿ. ಈ ಹಕ್ಕಿಯ ಮುಂದೆ ಆ ಹಟ ನಡೆಯುವುದಿಲ್ಲ. ಪೊದೆಯ ಮುಂದೆ ನಿಂತಿರಬೇಕು. ಗಾಳಿ ಇಲ್ಲದೆಯೇ ಒಂದು ಎಲೆ ಅಲ್ಲಾಡುತ್ತದೆ. ಅದರ ಕೆಳಗಿನ ಕಡ್ಡಿ ಬಾಗಿ ನೆಟ್ಟಗಾಗುತ್ತದೆ. ಆಮೇಲೆ ಬೇರೆಯದೇ ಕಡೆ, ಮೂರಡಿ ಎಡಕ್ಕೆ, ಎರಡು ಕಾಯಿಗೊಂಚಲುಗಳ ನಡುವಿನ ಸಂದಿನಲ್ಲಿ ಒಂದು ತಲೆ: ಚಪ್ಪಟೆ ಹಣೆ, ಗಾತ್ರಕ್ಕೆ ಉದ್ದವೆನಿಸುವ ಕೊಕ್ಕು, ಕೊಕ್ಕಿನ ಬುಡದಿಂದ ಕಣ್ಣಿನವರೆಗೆ ಮಾಸಲು ಬಿಳಿಯ ಮೋಟು ಗೆರೆ. ಮೈಯಿಡೀ ಮಣ್ಣಿಗೆ ಹಸಿರು ಬೆರೆತ ಕಂದು. ಕಣ್ಣು ನಿಲ್ಲುವಂಥ ಒಂದು ಚುಕ್ಕೆಯಿಲ್ಲ, ಪಟ್ಟೆಯಿಲ್ಲ. ಎಲೆಯ ಅಡಿಗೆ ಕೊಕ್ಕು ಹಾಕಿ ಏನನ್ನೋ ಎತ್ತಿಕೊಂಡಿತು, ‘ಚಕ್’ ಎಂದಿತು, ಮುಗಿಯಿತು. ಎಲ್ಲರೂ ಬೈಯುವ ಗಿಡ ಲಂಟಾನ. ಕಾಡನ್ನೇ ನುಂಗಿದ ಪರದೇಶಿ ಕಳೆ, ಬೈಸಿಕೊಳ್ಳುವುದಕ್ಕೆ ಅದು ಯೋಗ್ಯವೇ. ಆದರೂ ಕೆರೆಯ ಸುತ್ತ ಅದನ್ನು ಬೋಳಿಸಿ ಚೊಕ್ಕ ಮಾಡಿದ ವರ್ಷ ಈ ಸದ್ದು ಕಡಿಮೆಯಾದದ್ದನ್ನು ಕೇಳಿದವನು ನಾನು. ಹಾಗಾಗಿ ಬೈಯುವಾಗ ನನ್ನ ದನಿ ಅಷ್ಟು ಏರುವುದಿಲ್ಲ.

ಈ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 1864ರಲ್ಲಿ ಕಟ್ಟಿಸಿದ್ದು. ಹುಣಸೂರು ರಸ್ತೆಗೂ ಬೋಗಾದಿ ರಸ್ತೆಗೂ ನಡುವೆ, ಮಾನಸಗಂಗೋತ್ರಿಯ ಮಗ್ಗುಲಲ್ಲಿ, ಊರು ಸುತ್ತಲೂ ಬೆಳೆದು ಒತ್ತರಿಸಿಕೊಂಡು ಬಂದರೂ ತನ್ನ ಜಾಗ ಬಿಡದೆ ಕೂತಿದೆ. ಕುವೆಂಪು ವಾಕಿಂಗ್ ಬರುತ್ತಿದ್ದ ಕೆರೆ. ಆರ್. ಕೆ. ನಾರಾಯಣ್ ಕೂಡ ಬರುತ್ತಿದ್ದರು. ಈಗ ಅರ್ಧ ಮೈಸೂರೇ ಬರುತ್ತದೆ. ಏರಿಯ ಮೇಲೆ ನಿಂತರೆ ನೀರಿನಾಚೆ ಮರಗಳ ಸಾಲು, ಮರಗಳ ಮೇಲೆ ಚಾಮುಂಡಿ ಬೆಟ್ಟ, ನೀರಿನ ನಡುವೆ ಹಕ್ಕಿಗಳೇ ಆಳುವ ಒಂದೆರಡು ನಡುಗಡ್ಡೆ. ಅಪರೂಪದ ಹಕ್ಕಿ ಬೇಕಾದವರು ಇಲ್ಲಿಗೆ ಬರುವ ಅಗತ್ಯವಿಲ್ಲ, ಒಂದು ಗಂಟೆ ದಾರಿಯಲ್ಲಿ ನಾಗರಹೊಳೆಯ ಕಾಡಂಚು ಸಿಗುತ್ತದೆ. ಇಲ್ಲಿರುವುದು ದಿನಾ ಇರುವವೇ. ದಿನಾ ಇರುವವನ್ನು ನೋಡಿ ನೋಡಿ ಕಣ್ಣು ಪಳಗಿದ ಮೇಲೆ, ನಿನ್ನೆ ಇಲ್ಲದ್ದು ಇವತ್ತು ಇದ್ದರೆ ಸಾಕು, ಬೆನ್ನಿಗೆ ತಟ್ಟಿ ಕರೆದ ಹಾಗಾಗುತ್ತದೆ. ಗೊತ್ತಿಲ್ಲದ ಕಾಡಿನಲ್ಲಿ ಎಲ್ಲವೂ ಹೊಸದೇ, ಹಾಗಾಗಿ ಯಾವುದೂ ಹೊಸದಲ್ಲ.

ದಸರೆ ಮುಗಿದ ವಾರದ ಬೆಳಗ್ಗೆ ಈ ಕೆರೆಯ ಗತ್ತೇ ಬೇರೆ. ಹತ್ತು ದಿನ ಊರು ನಿದ್ದೆಗೆಟ್ಟಿರುತ್ತದೆ. ಜಂಬೂಸವಾರಿ ಆಗಿ, ಆನೆಗಳು ಲಾರಿ ಹತ್ತಿ ಕಾಡಿನ ದಾರಿ ಹಿಡಿದು, ವೃತ್ತಗಳ ದೀಪದ ಸರಗಳನ್ನು ಏಣಿ ಹಾಕಿ ಬಿಚ್ಚುತ್ತಿರುವಾಗ ಮೈಸೂರಿಗೆ ಒಂದು ಸೋಮಾರಿತನ ಅಡರುತ್ತದೆ. ವಾಕಿಂಗಿನವರೂ ಕಡಿಮೆ. ರಾತ್ರಿ ಚಿತ್ತೆ ಮಳೆ ಒಂದು ಸುತ್ತು ಹೊಯ್ದು ಹೋಗಿದೆ. ದಾರಿಯ ಮಣ್ಣು ಒದ್ದೆ, ಬೇಲಿಯ ತಂತಿಯಲ್ಲಿ ಹನಿ ಸಾಲು, ಹುಲ್ಲಿನ ಮೇಲೆ ಜೇಡನ ಬಲೆಗಳೆಲ್ಲ ಬೆಳ್ಳಗೆ ಎದ್ದು ಕಾಣುತ್ತವೆ. ಸೂರ್ಯ ಬಂದಿದ್ದಾನೆ, ಬಿಸಿಲು ಇನ್ನೂ ಬಂದಿಲ್ಲ.

ಈ ಬೆಳಗಿನ ಮೌನ ಎಂದರೆ ಹಕ್ಕಿಗಳೂ ಸುಮ್ಮನಿರುವ ಮೌನ. ಇದಕ್ಕೆ ಕಾರಣವಿದೆ. ಹಕ್ಕಿ ಹಾಡುವುದು ಹೆಣ್ಣನ್ನು ಕರೆಯಲು, ಇಲ್ಲವೇ ಇದು ನನ್ನ ಜಾಗ ಎಂದು ಇನ್ನೊಂದು ಗಂಡಿಗೆ ಸಾರಲು. ಮರಿ ಎದ್ದು ಹೋದ ಮೇಲೆ ಆ ದರ್ದು ಇರುವುದಿಲ್ಲ. ಏಪ್ರಿಲಿನಲ್ಲಿ ನಾಲ್ಕು ಗಂಟೆಗೇ ಎದ್ದು ತಲೆ ತಿನ್ನುತ್ತಿದ್ದ ಕೋಗಿಲೆ ಈಗ ಇದೇ ಮರದಲ್ಲಿ ಹಣ್ಣು ನುಂಗುತ್ತಾ ಕೂತಿದ್ದರೂ ಇದೆ ಎಂದು ಯಾರಿಗೂ ತಿಳಿಯುವುದಿಲ್ಲ. ಮಡಿವಾಳ ಹಕ್ಕಿ ಹಾಡು ಬಿಟ್ಟು, ದರಗಿನ ಮೇಲೆ ಕುಪ್ಪಳಿಸುತ್ತಾ ಹುಳ ಹೆಕ್ಕುತ್ತದೆ. ಊರಿನ ಹಾಡುಗಾರರೆಲ್ಲ ಹೀಗೆ ಬಾಯಿ ಮುಚ್ಚಿಕೊಂಡಿದ್ದರಿಂದಲೇ ಪರಸ್ಥಳದಿಂದ ಬಂದ ಹಕ್ಕಿಯ ಒಂದಕ್ಷರ ನಮಗೆ ಕೇಳಿಸುತ್ತದೆ. ವಸಂತದ ಗದ್ದಲದಲ್ಲಿ ಅದು ಹೇಳಹೆಸರಿಲ್ಲದೆ ಹೋಗುತ್ತಿತ್ತು.

ಏರಿಯ ಮೇಲೆ ನನಗೆ ದಿನಾ ಎದುರಾಗುವ ಒಬ್ಬ ಯಜಮಾನರಿದ್ದಾರೆ. ಸರ್ಕಾರಿ ನೌಕರಿಯಿಂದ ನಿವೃತ್ತರು, ಮಂಕಿ ಕ್ಯಾಪು, ಕೈಯಲ್ಲಿ ನಾಯಿಗಳಿಗೆಂದು ಒಂದು ಕೋಲು. ಅವರಿಗೆ ಹಕ್ಕಿಗಳ ಮೇಲೆ ಅಂಥ ಆಸಕ್ತಿ ಇಲ್ಲ, ನನ್ನ ಮೇಲೆ ಸ್ವಲ್ಪ ಕನಿಕರ ಇದೆ.

“ಏನ್ ಸಾರ್, ಫಾರಿನ್‌ನೋರು ಬಂದ್ರಾ?” ಎಂದು ಕೇಳುತ್ತಾರೆ.

“ಒಬ್ಬೊಬ್ಬರೇ ಬರ್ತಾವ್ರೆ ಸಾರ್.”

“ಎಲ್ಲಿ, ಕಾಣಿಸ್ತಾನೇ ಇಲ್ವಲ್ಲ. ಆ ದೊಡ್ಡ ಕೊಕ್ಕಿಂದಾ?”

ದೊಡ್ಡ ಕೊಕ್ಕಿನದು ಹೆಜ್ಜಾರ್ಲೆ. ಅದು ಫಾರಿನ್ ಅಲ್ಲ, ಪಕ್ಕಾ ನಮ್ಮದು ಎಂದು ಹೇಳಿದರೆ ಅವರಿಗೆ ಪ್ರತಿ ಸಲವೂ ನಿರಾಸೆ. ಇಷ್ಟು ದೊಡ್ಡ ಹಕ್ಕಿ ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಮನೆಗಳ ಹಿತ್ತಲಿನ ಹುಣಸೆ ಮರದಲ್ಲಿ ಗೂಡು ಕಟ್ಟುತ್ತದೆ ಎನ್ನುವುದು ಅವರಿಗೆ ದೊಡ್ಡ ವಿಷಯವೆನಿಸುವುದಿಲ್ಲ. ಸೈಬೀರಿಯಾ ಎಂದರೆ ಕಣ್ಣರಳುತ್ತದೆ. ಅದೇ ಸೈಬೀರಿಯಾದಿಂದ ಬಂದದ್ದನ್ನು ಪೊದೆಯಲ್ಲಿ ತೋರಿಸಿದರೆ, “ಇದಾ? ಇದು ಗುಬ್ಬಿ ಅಲ್ವಾ?” ಎಂದು ಕೋಲು ಊರಿ ಮುಂದೆ ನಡೆಯುತ್ತಾರೆ.

ತೂಬಿನಿಂದ ನೀರು ಜಿನುಗುವ ಕಡೆ, ಪಾಚಿ ಹಿಡಿದ ಕಲ್ಲುಗಳ ಮೇಲೆ, ಬೂದು ಸಿಪಿಲೆ ಬಂದಿದೆ. ಬಂದವರಲ್ಲಿ ಹೆಚ್ಚುಕಮ್ಮಿ ಇದೇ ಮೊದಲಿನದು. ಕೆಲವು ವರ್ಷ ಗಣೇಶನ ಹಬ್ಬದ ಹೊತ್ತಿಗೇ ಹಾಜರಿರುತ್ತದೆ. ಹಿಮಾಲಯ, ಅದರಾಚೆಯ ಬೆಟ್ಟದ ತೊರೆಗಳ ಹಕ್ಕಿ. ಬೆನ್ನು ಸ್ಲೇಟಿನ ಬಣ್ಣ, ಕಣ್ಣಿನ ಮೇಲೆ ಬಿಳಿ ಹುಬ್ಬು, ಎದೆಯ ಮೇಲೆ ನೀರು ಬೆರೆಸಿದಂಥ ಹಳದಿ. ಆ ಹಳದಿ ಹಿಂದಕ್ಕೆ ಹೋದಂತೆ ಗಟ್ಟಿಯಾಗುತ್ತಾ ಬಾಲದ ಬುಡದಲ್ಲಿ ಉರಿಯುತ್ತದೆ. ಬಾಲವೋ ಮೈಗಿಂತ ಉದ್ದ, ಒಂದು ಗಳಿಗೆಯೂ ನಿಲ್ಲುವುದಿಲ್ಲ. ಎರಡು ಹೆಜ್ಜೆ ನಡೆದರೂ ಬಾಲ ಮೇಲೆ ಕೆಳಗೆ. ನಿಂತರೂ ಅಷ್ಟೇ. ಅರೆಗಳಿಗೆ ನಿಲ್ಲಿಸಿತೇನೋ ಎನ್ನುವಷ್ಟರಲ್ಲಿ ಸೊಂಟದಿಂದಲೇ ಮತ್ತೆ ಶುರು. ಹುಳ ಎಬ್ಬಿಸಲು ಹೀಗೆ ಮಾಡುತ್ತದೆ ಎನ್ನುವವರಿದ್ದಾರೆ. ನಾನು ಎಚ್ಚರವಾಗಿದ್ದೇನೆ, ನಿನ್ನ ಆಟ ನಡೆಯದು ಎಂದು ಬೇಟೆಯ ಹಕ್ಕಿಗೆ ತಿಳಿಸಲು ಎನ್ನುವವರೂ ಇದ್ದಾರೆ. ನೋಡುತ್ತಾ ಕೂತವನಿಗೆ ಎರಡೂ ಸರಿಯೆನಿಸುತ್ತದೆ.

ಸಿಪಿಲೆಯ ಕಾಲನ್ನು ನೋಡಬೇಕು. ನೀರು ಒಂದು ಬೆರಳ ದಪ್ಪ ಹರಿಯುವ ಜಾಗವನ್ನೇ ಆರಿಸಿಕೊಳ್ಳುತ್ತದೆ. ಅಷ್ಟು ನೀರಿನಲ್ಲಿ ಕಾಲು ಮುಳುಗುತ್ತದೆ, ಹೊಟ್ಟೆ ತಾಕುವುದಿಲ್ಲ. ಹರಿವಿನ ಅಂಚಿನಲ್ಲಿ ಒಂದು ಸೊಳ್ಳೆಯಂಥದ್ದು ಏಳುತ್ತದೆ. ಸಿಪಿಲೆ ಓಡುತ್ತದೆ, ನೆಗೆಯುತ್ತದೆ, ಗಾಳಿಯಲ್ಲೇ ಒಂದು ಸುತ್ತು ತಿರುಗಿ ಹಿಡಿದು ಅದೇ ಕಲ್ಲಿಗೆ ಇಳಿಯುತ್ತದೆ. ಆಗ ಬಾಲದ ಎರಡೂ ಅಂಚಿನ ಬಿಳಿ ಗರಿಗಳು ಬಿಚ್ಚಿಕೊಂಡು ಮುಚ್ಚಿಕೊಳ್ಳುತ್ತವೆ. ಇನ್ನೊಂದು ಸಿಪಿಲೆ ಹತ್ತಿರ ಬಂದರೆ ಸಹಿಸುವುದಿಲ್ಲ, ಚೂಪಾಗಿ ‘ಚಿಚಿಪ್’ ಎಂದು ಅಟ್ಟಿಬಿಡುತ್ತದೆ. ಈ ಹತ್ತು ಗಜ ಒದ್ದೆ ಕಲ್ಲಿಗಾಗಿ ಅದು ಹಿಮಾಲಯದಿಂದ ಬಂದಿದೆ. ಜಗಳಕ್ಕೆ ನ್ಯಾಯವಿದೆ.

ಊರಿನ ಹಕ್ಕಿಗಳಲ್ಲಿ ಈ ತಿಂಗಳು ನಡೆಯುವ ವ್ಯವಹಾರವೇ ಬೇರೆ. ಅವು ಬಣ್ಣ ಕಳಚುತ್ತಿರುತ್ತವೆ. ಇಡೀ ರಾತ್ರಿ ಕುಣಿದ ಬಯಲಾಟದ ವೇಷ ಬೆಳಗ್ಗೆ ಚೌಕಿಯಲ್ಲಿ ಕೊಬ್ಬರಿ ಎಣ್ಣೆ ಸವರಿ ಮುಖದ ಬಣ್ಣ ಒರೆಸಿಕೊಳ್ಳುವಾಗ ಅರ್ಧ ರಾಕ್ಷಸ, ಅರ್ಧ ಪಕ್ಕದೂರಿನ ಕೃಷಿಕ ಒಟ್ಟಿಗೇ ಕಾಣುತ್ತಾನಲ್ಲ, ಅಕ್ಟೋಬರಿನ ಕೆರೆಯಲ್ಲಿ ಎಲ್ಲೆಲ್ಲೂ ಅಂಥ ಮುಖಗಳು. ಕೊಳದ ಬಕ ಮಳೆಗಾಲದಲ್ಲಿ ಬೆನ್ನ ಮೇಲೆ ಹೊದ್ದಿದ್ದ ಗಾಢ ಕೆಂಗಂದು ಶಾಲು ಈಗ ಅಲ್ಲಲ್ಲಿ ತೇಪೆಯಂತೆ ಉಳಿದು, ನಡುನಡುವೆ ಮಣ್ಣು ಬಣ್ಣದ ಗೀರು ಮೂಡಿದೆ. ಗೋವಕ್ಕಿಯ ತಲೆ, ಕತ್ತಿನ ಕಿತ್ತಳೆ ಬಣ್ಣ ತೊಳೆದುಹೋಗಿ ಬರೀ ಬಿಳಿ. ಹಿನ್ನೀರಿನ ಕಡೆಯ ಈಚಲು ಮರದಲ್ಲಿ ಗೀಜಗನ ಗೂಡುಗಳು ಇನ್ನೂ ತೂಗುತ್ತಿವೆ. ಕಟ್ಟಿದ ಗಂಡು, ಹಳದಿ ಟೊಪ್ಪಿಗೆ ಇಟ್ಟು ಗೂಡಿಗೆ ಜೋತು ರೆಕ್ಕೆ ಬಡಿದು ಹೆಣ್ಣನ್ನು ಕೂಗಿ ಕೂಗಿ ಕರೆದಾತ, ಈಗ ಟೊಪ್ಪಿಗೆ ತೆಗೆದಿಟ್ಟು ಹೆಂಡತಿಯ ಬಣ್ಣವನ್ನೇ ಉಟ್ಟು ಗುಂಪಿನಲ್ಲಿ ಹುಲ್ಲಿನ ಬೀಜ ತಿನ್ನುತ್ತಿದ್ದಾನೆ. ಆ ಗುಂಪಿನಲ್ಲಿ ಯಾರು ಗಂಡು ಯಾರು ಹೆಣ್ಣು ಎಂದು ಹೇಳುವುದು ಕಷ್ಟ.

ಎಲ್ಲಕ್ಕಿಂತ ಚೆಂದ ಬಾಲದ ದೇವನಕ್ಕಿಯದು. ಜೂನ್ ಜುಲೈನಲ್ಲಿ ಅದನ್ನು ನೋಡಿದವರು ಮರೆಯಲಾರರು: ಚಾಕಲೇಟು ಮೈ, ಹಿಂಗತ್ತಿನಲ್ಲಿ ಚಿನ್ನದ ತೇಪೆ, ಕುಡುಗೋಲಿನ ಹಾಗೆ ಬಾಗಿದ ಕರೀ ಬಾಲ. ಎಲೆಗಳ ಮೇಲೆ ಇಟ್ಟ ಮೊಟ್ಟೆಗೆ ಕಾವು ಕೊಟ್ಟು, ಮರಿ ಸಾಕಿದ್ದು ಗಂಡು. ಹೆಣ್ಣು ಮೊಟ್ಟೆಯಿಟ್ಟು ಇನ್ನೊಂದು ಗಂಡನ್ನು ಹುಡುಕಿಕೊಂಡು ಹೋಗುತ್ತದೆ. ಈಗ ಅದೇ ಹಕ್ಕಿಗೆ ಬಾಲವಿಲ್ಲ. ಎದೆಗೆ ಅಡ್ಡಲಾಗಿ ಒಂದು ಕಪ್ಪು ಗೆರೆ, ಹೊಟ್ಟೆ ಬಿಳಿ, ಚಿನ್ನ ಮಾಸಿ ಒಂದು ಛಾಯೆಯಷ್ಟೇ ಉಳಿದಿದೆ. ಆ ಉದ್ದುದ್ದ ಬೆರಳುಗಳು ಮಾತ್ರ ಹಾಗೇ ಇವೆ, ತೇಲುವ ಎಲೆಯ ಮೇಲೆ ಭಾರ ಹಂಚಿ ಒಂದೊಂದೇ ಹೆಜ್ಜೆ ಇಡುತ್ತಾ. ಒಮ್ಮೆ ಎಲೆ ಸ್ವಲ್ಪ ಕುಸಿಯಿತು. ಹಕ್ಕಿ ರೆಕ್ಕೆ ಎತ್ತಿ ಹಗುರಾಗಿ, ಮುಂದಿನ ಎಲೆಗೆ ದಾಟಿತು. ಎತ್ತಿದ ರೆಕ್ಕೆಯಲ್ಲಿ ಮಳೆಗಾಲದ ಬಿಳಿ ಅಷ್ಟೂ ಇತ್ತು.

ಹಕ್ಕಿಗೆ ಗರಿ ಶಾಶ್ವತವಲ್ಲ. ಉಗುರಿನಂಥದೇ ಸತ್ತ ವಸ್ತು ಅದು. ಬಿಸಿಲಿಗೆ, ಮುಳ್ಳಿಗೆ, ಗೂಡಿನ ಬಾಯಿಗೆ ಉಜ್ಜಿ ಸವೆಯುತ್ತದೆ. ಸವೆದದ್ದನ್ನು ಉದುರಿಸಿ ಹೊಸದು ಬೆಳೆಸಬೇಕು, ಅದಕ್ಕೆ ತುಂಬ ಆಹಾರ ಬೇಕು, ಬಿಡುವು ಬೇಕು. ಮರಿಗಳ ಕಾಟ ಮುಗಿದು, ಮಳೆಯ ಹುಳಹುಪ್ಪಟೆ ಇನ್ನೂ ಹೇರಳವಾಗಿರುವ ಈ ಹೊತ್ತು ಅನೇಕ ಹಕ್ಕಿಗಳಿಗೆ ಹೇಳಿ ಮಾಡಿಸಿದಂತಿದೆ. ಬಾತುಗಳದ್ದು ಇನ್ನೂ ವಿಚಿತ್ರ. ಅವು ತಮ್ಮ ಉತ್ತರದ ಊರಿನಲ್ಲೇ ಹಾರುವ ಗರಿಗಳನ್ನು ಒಟ್ಟಿಗೇ ಉದುರಿಸಿ ಕೆಲವು ವಾರ ಹಾರಲಾರದೆ ಜೊಂಡಿನಲ್ಲಿ ಅಡಗಿದ್ದು, ಹೊಸ ರೆಕ್ಕೆ ಬಲಿತ ಮೇಲೆ ಹೊರಡುತ್ತವೆ. ಇಲ್ಲಿಗೆ ಮೊದಲು ಬರುವುದು ಬಿಳಿಹುಬ್ಬಿನ ಬಾತು. ಪುಸ್ತಕದ ಚಿತ್ರ ನೋಡಿಕೊಂಡು ಅಕ್ಟೋಬರಿನಲ್ಲಿ ಅದನ್ನು ಹುಡುಕಿದವರು ಸುಸ್ತಾಗುತ್ತಾರೆ. ಗಂಡು ಇನ್ನೂ ಹೆಣ್ಣಿನ ಉಡುಪಿನಲ್ಲೇ ಇರುತ್ತದೆ, ಅಗಲವಾದ ಆ ಬಿಳಿ ಹುಬ್ಬು ಮೂಡಲು ಚಳಿಗಾಲ ಮುಕ್ಕಾಲು ಕಳೆಯಬೇಕು. ದೂರದ ನೀರಿನಲ್ಲಿ ಏಳೆಂಟು ಕಂದು ಬಾತುಗಳು ತಲೆ ಬೆನ್ನಿಗಿಟ್ಟು ಮಲಗಿವೆ. ಗೊತ್ತಿರುವವರು ಒಂದು ಎದ್ದು ಮೈ ಕೊಡವುವುದನ್ನು ಕಾಯುತ್ತಾರೆ. ಎದ್ದಿತು, ರೆಕ್ಕೆ ಬಿಚ್ಚಿತು: ಮುಂದಂಚಿನಲ್ಲಿ ನೀಲಿ ಬೆರೆತ ಬೂದಿ. ಸರಿ, ಗಂಡೇ. ಮಲಗಿತು. ಇಷ್ಟಕ್ಕೆ ಅರ್ಧ ಗಂಟೆ ನಿಂತಿರಾ ಎಂದು ಮನೆಯಲ್ಲಿ ಕೇಳಿದರೆ ಉತ್ತರವಿಲ್ಲ. ನೀಲಿ ಇದ್ದದ್ದು ನಿಜ.

ನಡುಗಡ್ಡೆಯಲ್ಲಿ ಹೆಜ್ಜಾರ್ಲೆಗಳು ಏಳಲು ಅವಸರ ಮಾಡುವುದಿಲ್ಲ. ಅಷ್ಟು ದೊಡ್ಡ ಮೈಯನ್ನು ಮೇಲೆತ್ತಲು ಬಿಸಿಲಿಗೆ ಕಾದ ಗಾಳಿ ಬೇಕು, ಅದು ಎಂಟೂವರೆ, ಒಂಬತ್ತರ ಮಾತು. ಅಲ್ಲಿಯವರೆಗೆ ಕೊಕ್ಕಿನ ಚೀಲವನ್ನು ಕತ್ತಿನ ಮೇಲೆ ಮಡಚಿಟ್ಟುಕೊಂಡು ಕೂತಿರುತ್ತವೆ. ಗಾಳಿ ಕಾದ ಮೇಲೆ ಒಂದೊಂದೇ ಎದ್ದು, ಬಡಿದು, ಸುತ್ತುತ್ತಾ ಮೇಲೇರಿ, ರೆಕ್ಕೆ ಆಡಿಸದೆ ಉತ್ತರಕ್ಕೆ ಜಾರುತ್ತವೆ. ಆ ಕಡೆ ಕಾವೇರಿ ಇದೆ, ರಂಗನತಿಟ್ಟು ಇದೆ. ಸಾಲಿಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಬಂದು ಆ ನಡುಗಡ್ಡೆಗಳನ್ನು ಕಂಡು, ಇದನ್ನು ಉಳಿಸಿ ಎಂದು ಮಹಾರಾಜರ ಸರ್ಕಾರಕ್ಕೆ ಹೇಳಿ, 1940ರಲ್ಲಿ ಅದು ಪಕ್ಷಿಧಾಮವಾಯಿತು. ಹೆಜ್ಜಾರ್ಲೆಗೆ ಎರಡೂ ಒಂದೇ ಊರಿನ ಎರಡು ಬೀದಿ.

ಹಾವಕ್ಕಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ರೆಕ್ಕೆ ಒಣಗಿಸಿಕೊಂಡು ನಿಂತದ್ದನ್ನು ಎಲ್ಲರೂ ಬರೆದಾಗಿದೆ.

ಹಿಂದಿರುಗುವ ದಾರಿಯಲ್ಲಿ ಮಳೆಮರದ ಕೆಳಗೆ ನಿಲ್ಲದೆ ಬರಲಾಗುವುದಿಲ್ಲ. ಎತ್ತರದ ಎಲೆಗಳ ನಡುವಿನಿಂದ ‘ಚಿಸ್‌ವೀ, ಚಿಸ್‌ವೀ’ ಎಂದು ಎರಡು ತುಣುಕಿನ ಕೂಗು. ಹಸಿರು ಎಲೆ ಉಲಿಯಕ್ಕಿ. ಮೊದಲಿನ ಉಲಿಯಕ್ಕಿ ಪೊದೆಯ ಹಕ್ಕಿಯಾದರೆ ಇದು ಮರದ ತುದಿಯದು, ತೂಕ ಇನ್ನೂ ಕಡಿಮೆ, 8 ಗ್ರಾಮಿನ ಹತ್ತಿರ. ಎಲೆಯ ಗಾತ್ರ, ಎಲೆಯ ಬಣ್ಣ, ಎಲೆಯಷ್ಟೇ ಚಂಚಲ. ಕತ್ತು ನೋಯುವಷ್ಟು ಹೊತ್ತು ಬೈನಾಕ್ಯುಲರ್ ಎತ್ತಿ ಹಿಡಿದರೆ ಹುಬ್ಬಿನ ತಿಳಿ ಗೆರೆಯೂ ರೆಕ್ಕೆಯ ಮೇಲಿನ ಒಂದು ಸಣ್ಣ ಬಿಳಿ ಪಟ್ಟಿಯೂ ಕಂಡೀತು.

ಜೀವವಿಜ್ಞಾನದವರಿಗೆ ಈ ಹಕ್ಕಿ ಬಲು ಪ್ರಿಯ. ಟಿಬೆಟ್ಟಿನ ಪ್ರಸ್ಥಭೂಮಿಯ ಸುತ್ತ ಉಂಗುರದಂತೆ ಇದರ ನೆಲೆ. ಹಿಮಾಲಯದಿಂದ ಹೊರಟು ಪಶ್ಚಿಮದ ಅಂಚಿನಗುಂಟ ಹೋದಂತೆ ಹಾಡು ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಪೂರ್ವದ ಅಂಚಿನಗುಂಟ ಹೋದರೂ ಬದಲಾಗುತ್ತದೆ, ಆದರೆ ಬೇರೆ ರೀತಿಯಲ್ಲಿ. ಅಕ್ಕಪಕ್ಕದವರಿಗೆ ಎಲ್ಲೂ ತೊಂದರೆಯಿಲ್ಲ, ಒಬ್ಬರ ಹಾಡು ಇನ್ನೊಬ್ಬರಿಗೆ ತಿಳಿಯುತ್ತದೆ. ಎರಡು ದಾರಿಯವರೂ ಕೊನೆಗೆ ಸೈಬೀರಿಯಾದ ನಡುವಿನ ಕಾಡಿನಲ್ಲಿ ಎದುರಾದಾಗ ಒಬ್ಬರ ಹಾಡು ಒಬ್ಬರಿಗೆ ಹಾಡೇ ಅಲ್ಲ, ತಮ್ಮವರೆಂದು ಗುರುತಿಸುವುದಿಲ್ಲ. ಅಲ್ಲಿನ ಪೂರ್ವದ ದಾರಿಯವು ಚಳಿಗಾಲಕ್ಕೆ ಆಗ್ನೇಯ ಏಷ್ಯಾಕ್ಕೆ ಹೋಗುತ್ತವೆ, ಪಶ್ಚಿಮದ ದಾರಿಯವು ನಮಗೆ. ನಮ್ಮ ಮಳೆಮರದಲ್ಲಿ ಕೂಗುತ್ತಿರುವುದು ಜಗಳದ ಒಂದು ಪಕ್ಷದ್ದು ಮಾತ್ರ.

ಈ ಕೂಗೂ ಹಾಡಲ್ಲ. ಚಳಿಗಾಲದಲ್ಲಿ ಗಂಡಾಗಲಿ ಹೆಣ್ಣಾಗಲಿ ಒಂದೊಂದು ಹಕ್ಕಿ ತನ್ನದೇ ಒಂದು ತುಂಡು ಮರದ ನೆತ್ತಿ ಹಿಡಿದುಕೊಂಡು, ಇಲ್ಲಿ ನಾನಿದ್ದೇನೆ ಎಂದು ದಿನವಿಡೀ ಹೇಳುತ್ತಿರುತ್ತದೆ. ದಸರೆಯ ಹೊತ್ತಿಗೆ ಇದರ ರಗಳೆ ವಿಪರೀತ, ಯಾಕೆಂದರೆ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಒಂದು ಮರದಿಂದ ‘ಚಿಸ್‌ವೀ’, ಪಕ್ಕದ ಮರದಿಂದ ಉತ್ತರ, ನಡುವೆ ಒಂದು ಅಟ್ಟಾಟ, ಎಲೆಗಳೊಳಗೆ ಎರಡು ಹಸಿರು ಚೂರುಗಳ ಓಟ. ಡಿಸೆಂಬರಿನ ಹೊತ್ತಿಗೆ ಗಡಿಗಳೆಲ್ಲ ತೀರ್ಮಾನವಾಗಿ, ಆಗೊಮ್ಮೆ ಈಗೊಮ್ಮೆ ಕೂಗಿದರೆ ಸಾಕಾಗುತ್ತದೆ. ಈ ಹಕ್ಕಿಗಳು ರಾತ್ರಿ ಹಾರುತ್ತವೆ, ಬೆಳಗಿನ ಜಾವ ಸಿಕ್ಕಿದ ಮರಕ್ಕೆ ಇಳಿಯುತ್ತವೆ. ಆರು ಗಂಟೆಗೆ ನಾವು ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸುವಾಗ ಮೇಲಿನ ಮರಕ್ಕೆ ಯಾರು ಇಳಿದು ಒಂದು ಗಂಟೆಯಾಯಿತೋ ಯಾರಿಗೆ ಗೊತ್ತು.

ಬಿಸಿಲು ಏರಿತು. ನೀರಿನ ಮೇಲೆ, ಆಳೆತ್ತರದಲ್ಲಿ, ಏರೋಪ್ಲೇನ್ ಚಿಟ್ಟೆಗಳು ಕೂರದೆ ಹಾರುತ್ತಿವೆ. ಹಳದಿ ಕೆಂಪು ಮೈ, ಅಗಲ ರೆಕ್ಕೆ. ಒಂದೊಂದು ಅರ್ಧ ಗ್ರಾಮೂ ತೂಗುವುದಿಲ್ಲ. ಮಳೆಗಾಲದ ಹೊಂಡಗಳಲ್ಲಿ ಹುಟ್ಟಿ ಬೆಳೆದ ಇವುಗಳ ಲಕ್ಷಾಂತರ ಬಂಧುಗಳು ಅಕ್ಟೋಬರ್, ನವೆಂಬರಿನಲ್ಲಿ ಸಮುದ್ರ ದಾಟಿ, ಸಿಹಿನೀರೇ ಅಪರೂಪವಾದ ಮಾಲ್ಡೀವ್ಸ್ ದ್ವೀಪಗಳಲ್ಲಿ ಕಾಣಿಸಿಕೊಳ್ಳುತ್ತವೆ. ಅಲ್ಲಿ ನೆಲೆಸಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ವರ್ಷಗಟ್ಟಲೆ ಲೆಕ್ಕವಿಟ್ಟು, ಇವು ಭಾರತದಿಂದ ಹೊರಟು ಪೂರ್ವ ಆಫ್ರಿಕಾಕ್ಕೆ ಹೋಗುತ್ತಿರಬೇಕೆಂದು 2009ರಲ್ಲಿ ಬರೆದರು. ನಮ್ಮ ಕೆರೆಯ ಮೇಲಿನವೆಲ್ಲ ಅಷ್ಟು ದೂರ ಹೋಗಲಿಕ್ಕಿಲ್ಲ. ಕಳ್ಳಿಪೀರಗಳು ತಂತಿಯ ಮೇಲೆ ಸಾಲಾಗಿ ಕೂತು ಇವುಗಳ ಸಂಖ್ಯೆ ಕಡಿಮೆ ಮಾಡುವ ಕೆಲಸದಲ್ಲಿವೆ. ಹಿಡಿದದ್ದನ್ನು ತಂತಿಗೆ ಬಡಿದು, ರೆಕ್ಕೆ ಉದುರಿಸಿ ನುಂಗುತ್ತವೆ. ಉದುರಿದ ಗಾಜಿನಂಥ ರೆಕ್ಕೆ ಒಂದು ಒದ್ದೆ ದಾರಿಯ ಮೇಲೆ ಅಂಟಿಕೊಂಡಿತ್ತು.

ಅಷ್ಟರಲ್ಲಿ ಕೆರೆಯ ಆ ಬದಿಯಿಂದ ಗದ್ದಲ. ನಾಮದ ಕೋಳಿಗಳು ನೀರನ್ನು ಕಾಲಲ್ಲಿ ಬಡಿಯುತ್ತಾ ಓಡಿದವು, ಬಾತುಗಳು ಎದ್ದವು, ಟಿಟ್ಟಿಭ ಊರಿಗೆಲ್ಲ ಸುದ್ದಿ ಮುಟ್ಟಿಸಿತು. ಜೌಗು ಸೆಳೆವ ಬಂದಿತ್ತು. ಜೊಂಡಿನ ಮೇಲೆ ತಗ್ಗಿನಲ್ಲೇ, ರೆಕ್ಕೆಗಳನ್ನು ಮೇಲಕ್ಕೆ ಎತ್ತಿ ಹಿಡಿದು, ಈ ಕಡೆಗೊಮ್ಮೆ ಆ ಕಡೆಗೊಮ್ಮೆ ವಾಲುತ್ತಾ ಬಂತು. ಕಪ್ಪುಗಂದು ಮೈ, ಕೆನೆ ಬಣ್ಣದ ತಲೆ. ಇಡೀ ಕೆರೆಯನ್ನು ಒಂದು ಸುತ್ತು ಎಬ್ಬಿಸಿ, ಏನೂ ಸಿಗದೆ, ಅದಕ್ಕೆ ತಲೆ ಕೆಡಿಸಿಕೊಳ್ಳದೆ ಹಿನ್ನೀರಿನ ಕಡೆ ಹೋಯಿತು. ಬಾತುಗಳು ಮೂರು ಸುತ್ತು ಹಾಕಿ ಮತ್ತೆ ಇಳಿದವು. ಈಗ ಅವು ಎಷ್ಟೆಂದು ಎಣಿಸಲು ಸುಲಭ.

ಎಣಿಸುತ್ತಿರುವಾಗ ಯಜಮಾನರು ಎರಡನೇ ಸುತ್ತು ಮುಗಿಸಿ ಬಂದರು. ಈ ಸಲ ಏನೂ ಕೇಳಲಿಲ್ಲ. ಕೋಲೆತ್ತಿ ಬೇಲಿಯ ಕಡೆ ತೋರಿಸಿದರು.

“ಅಲ್ನೋಡಿ ಸಾರ್, ನಿಮ್ ಕಳ್ಳ ಬಂದವ್ನೆ. ಹೋದ್ ವರ್ಷಾನೂ ಅದೇ ಕಂಬದ್ ಮೇಲೇ ಕೂತಿದ್ದ.”

ಬೇಲಿಯ ಮೂರನೇ ಕಂಬದ ಮೇಲೆ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು, ಕಂದು ಕಳಿಂಗ. ಮಂಗೋಲಿಯಾ, ಸೈಬೀರಿಯಾ, ಚೀನಾದ ಕಡೆಯ ಹಕ್ಕಿ; ಹೋದ ಚಳಿಗಾಲದ ಅದೇ ಬೇಲಿಗೆ, ಅದೇ ಗಿಡಕ್ಕೆ ಮರಳುವ ಅಭ್ಯಾಸದ್ದು. ಯಜಮಾನರಿಗೆ ಇದನ್ನು ನಾನು ತೋರಿಸಿದ್ದು ಯಾವಾಗಲೋ. ಅವರು ಕೋಲು ಇಳಿಸಲಿಲ್ಲ. ಕಳಿಂಗ ಹಾರಿ ನೆಲಕ್ಕಿಳಿದು ಒಂದು ಮಿಡತೆ ಹಿಡಿದು ಅದೇ ಕಂಬಕ್ಕೆ ವಾಪಸು ಬಂತು.

“ನಿನ್ನೆ ಇರ್ಲಿಲ್ಲ ಸಾರ್ ಇದು,” ಎಂದರು. “ನಾನು ನೋಡಿದೀನಿ.”